ಅಪಾಯಕಾರಿ ಕೆಲಸಗಳಲ್ಲಿ ಕೈಗಡಿಯಾರ ಧಾರಣೆ

ಅಪಾಯಕಾರಿ ಕೆಲಸಗಳಲ್ಲಿ ಕೈಗಡಿಯಾರ ಧಾರಣೆ ಎಂಬುದು ಯಂತ್ರಗಳು, ವಿದ್ಯುತ್ತು, ನೀರು, ಬೆಂಕಿ, ಎತ್ತರ ಮೊದಲಾದವುಗಳ ನಡುವೆ ದೈಹಿಕ ಶ್ರಮದಿಂದ ದುಡಿಯುವವರು ಮಣಿಕಟ್ಟಿನಲ್ಲಿ ಗಡಿಯಾರ ಕಟ್ಟಿಕೊಳ್ಳುವ ರೂಢಿ, ಅದರ ಉಪಯೋಗ ಮತ್ತು ಅದರಿಂದ ಒದಗುವ ಅಪಾಯಗಳಿಗೆ ಸಂಬಂಧಿಸಿದ ವಿಷಯವಾಗಿದೆ. ಕೈಗಡಿಯಾರವು ಜನಪ್ರಿಯವಾದದ್ದೇ ಯುದ್ಧ, ವಿಮಾನಯಾನದಂತಹ ಅಪಾಯದ ಕಾರ್ಯಗಳಲ್ಲಿ. ಇಂದು ದುಬಾರಿ ಬೆಲೆಗೆ ಮಾರಾಟವಾಗುವ ಹಲವು ಗಡಿಯಾರಗಳು ಮೊದಲು ಮುಳುಗುಗಾರರು, ವಿಮಾನ ಚಾಲಕರು ಮತ್ತು ಎಂಜಿನಿಯರುಗಳ ಉಪಕರಣಗಳಾಗಿ ರೂಪುಗೊಂಡವು. ಆದರೆ ಕಾರ್ಖಾನೆ, ವಿದ್ಯುತ್ ಕೇಂದ್ರ ಮತ್ತು ಕೃಷಿ ಯಂತ್ರಗಳ ಸುರಕ್ಷತಾ ಕ್ರಮಗಳು ಕೆಲಸದ ವೇಳೆ ಗಡಿಯಾರವನ್ನು ಕಳಚಿಡುವಂತೆ ಸಾಮಾನ್ಯವಾಗಿ ಸೂಚಿಸುತ್ತವೆ. ಗಡಿಯಾರದ ಬಾಳಿಕೆಯ ಪರೀಕ್ಷೆಗಳು ಕೆಲಸದಿಂದ ಗಡಿಯಾರಕ್ಕೆ ಹಾನಿಯಾಗುವುದೇ ಎಂಬುದನ್ನು ಮಾತ್ರ ಅಳೆಯುತ್ತವೆ. ಗಡಿಯಾರದಿಂದ ಕೈಗೆ ಹಾನಿಯಾಗುವುದೇ ಎಂಬುದು ಬೇರೆಯೇ ಪ್ರಶ್ನೆ.

## ಇತಿಹಾಸ

### ರೈಲ್ವೆ ಮತ್ತು ಯುದ್ಧ

ಗಡಿಯಾರವು ಸುರಕ್ಷತೆಯ ಸಾಧನವೆಂಬ ಭಾವನೆ ಬಲಗೊಂಡದ್ದು ರೈಲ್ವೆಯಲ್ಲಿ. 1891ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾದವು. ಸಿಬ್ಬಂದಿಯೊಬ್ಬರ ಗಡಿಯಾರವು ಕೆಲವು ನಿಮಿಷ ನಿಂತು ಮತ್ತೆ ನಡೆದದ್ದು ಇದಕ್ಕೆ ಕಾರಣವೆಂದು ಹೇಳಲಾಯಿತು. ಆ ಬಳಿಕ ವೆಬ್ ಸಿ. ಬಾಲ್ ಎಂಬ ಗಡಿಯಾರ ವ್ಯಾಪಾರಿಯು ರೈಲ್ವೆ ಸಿಬ್ಬಂದಿಯ ಗಡಿಯಾರಗಳಿಗೆ ತಪಾಸಣಾ ವ್ಯವಸ್ಥೆಯನ್ನು ರೂಪಿಸಿದರು. ಇದರಂತೆ ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ತೋರುವ ಗಡಿಯಾರವನ್ನು ಕೆಲಸದಲ್ಲಿ ಬಳಸುವಂತಿರಲಿಲ್ಲ. ಆ ಕಾಲದ ರೈಲ್ವೆ ಗಡಿಯಾರಗಳು ಕಿಸೆಯಲ್ಲಿಡುವಂಥವು.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯುರೋಪಿನಲ್ಲಿ ಮಣಿಕಟ್ಟಿನ ಗಡಿಯಾರವನ್ನು ಮುಖ್ಯವಾಗಿ ಸ್ತ್ರೀಯರ ಆಭರಣವೆಂದು ಭಾವಿಸಲಾಗುತ್ತಿತ್ತು. ಬ್ರೆಜಿಲ್‌ನ ವಿಮಾನಯಾನಿ ಆಲ್ಬರ್ಟೊ ಸಾಂಟೋಸ್ ಡುಮಾಂಟ್ ಅವರು ಹಾರಾಟದ ವೇಳೆ ಕಿಸೆಯಿಂದ ಗಡಿಯಾರ ತೆಗೆಯುವುದು ಕಷ್ಟವೆಂದು ಹೇಳಿದ್ದರಿಂದ, 1904ರಲ್ಲಿ ಪ್ಯಾರಿಸ್‌ನ ಲೂಯಿ ಕಾರ್ಟಿಯೆ ಅವರಿಗಾಗಿ ಕೈಗಡಿಯಾರವೊಂದನ್ನು ವಿನ್ಯಾಸಗೊಳಿಸಿದರು. ಮೊದಲ ಮಹಾಯುದ್ಧದಲ್ಲಿ (1914–1918) ಫಿರಂಗಿ ದಾಳಿ ಮತ್ತು ಕಾಲಾಳುಗಳ ಮುನ್ನಡೆಗಳನ್ನು ನಿಮಿಷ ಲೆಕ್ಕದಲ್ಲಿ ಹೊಂದಿಸಬೇಕಾಗಿದ್ದುದರಿಂದ ಸೈನಿಕರಲ್ಲಿ ಕೈಗಡಿಯಾರ ವ್ಯಾಪಕವಾಯಿತು. ಯುದ್ಧಾನಂತರ ಅದು ಪುರುಷರ ಉಡುಪಿನ ಭಾಗವೇ ಆಯಿತು.

ಇದೇ ಅವಧಿಯಲ್ಲಿ ಕತ್ತಲೆಯಲ್ಲಿ ಹೊಳೆಯುವ ಮುಖಫಲಕಗಳಿಗೆ ಬೇಡಿಕೆ ಹೆಚ್ಚಿತು. ಅಮೆರಿಕದ ನ್ಯೂಜೆರ್ಸಿ ಮೊದಲಾದೆಡೆ ಫಲಕಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಗಳಿಂದ ಚೂಪು ಮಾಡುತ್ತಿದ್ದರು. ಇದರಿಂದ ಅನೇಕರು ದವಡೆ ಮತ್ತು ಮೂಳೆಗಳ ಮಾರಕ ರೋಗಕ್ಕೆ ತುತ್ತಾದರು. 'ರೇಡಿಯಂ ಗರ್ಲ್ಸ್' ಎಂದು ಹೆಸರಾದ ಈ ಕಾರ್ಮಿಕರಲ್ಲಿ ಐವರು ಹೂಡಿದ ಮೊಕದ್ದಮೆಯು 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಕಾರ್ಮಿಕ ಸುರಕ್ಷತೆಯ ಕಾನೂನುಗಳ ಬೆಳವಣಿಗೆಯಲ್ಲಿ ಈ ಪ್ರಕರಣಕ್ಕೆ ಮಹತ್ವದ ಸ್ಥಾನವಿದೆ.

### ಸಾಗರ, ಪರ್ವತ ಮತ್ತು ಬಾಹ್ಯಾಕಾಶ

ರೋಲೆಕ್ಸ್ ಕಂಪನಿಯು 1926ರಲ್ಲಿ 'ಆಯ್‌ಸ್ಟರ್' ಎಂಬ ಜಲನಿರೋಧಕ ಕವಚದ ಗಡಿಯಾರವನ್ನು ತಂದಿತು. ಮರುವರ್ಷ ಇಂಗ್ಲಿಷ್ ಕಾಲುವೆಯಲ್ಲಿ ಈಜಿದ ಮರ್ಸಿಡೀಸ್ ಗ್ಲೀಟ್ಸ್ ಅವರು ಅದನ್ನು ಕೈಗೆ ಕಟ್ಟದೆ ಕೊರಳಿಗೆ ಹಾಕಿಕೊಂಡಿದ್ದರು. 1953ರ ಸುಮಾರಿಗೆ ಬ್ಲಾಂಕ್‌ಪಾನ್ ಕಂಪನಿಯ 'ಫಿಫ್ಟಿ ಫ್ಯಾದಮ್ಸ್' ಮತ್ತು ರೋಲೆಕ್ಸ್‌ನ 'ಸಬ್‌ಮರೀನರ್' ಎಂಬ ಮುಳುಗುಗಾರರ ಗಡಿಯಾರಗಳು ರೂಪುಗೊಂಡವು. ಅದೇ ವರ್ಷ ಟೆನ್ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಅವರು ಎವರೆಸ್ಟ್ ಏರಿದ ದಂಡಯಾತ್ರೆಗೆ ರೋಲೆಕ್ಸ್ ಮತ್ತು ಸ್ಮಿತ್ಸ್ ಎರಡೂ ಕಂಪನಿಗಳು ಗಡಿಯಾರಗಳನ್ನು ಒದಗಿಸಿದ್ದವು. ಕಾಂತಕ್ಷೇತ್ರಗಳ ಬಳಿ ಕೆಲಸ ಮಾಡುವ ಎಂಜಿನಿಯರುಗಳು ಹಾಗೂ ವಿಜ್ಞಾನಿಗಳಿಗಾಗಿ 'ಇಂಜೆನ್ಯೂರ್', 'ಮಿಲ್‌ಗೌಸ್' ಮೊದಲಾದ ಮಾದರಿಗಳು 1950ರ ದಶಕದಲ್ಲಿ ಬಂದವು.

ಅಮೆರಿಕದ ನಾಸಾ ಸಂಸ್ಥೆಯು ಉಷ್ಣತೆ, ನಿರ್ವಾತ, ಆಘಾತ, ಕಂಪನ ಮುಂತಾದ ಪರೀಕ್ಷೆಗಳ ನಂತರ 1965ರಲ್ಲಿ ಒಮೆಗಾ ಕಂಪನಿಯ 'ಸ್ಪೀಡ್‌ಮಾಸ್ಟರ್' ಗಡಿಯಾರವನ್ನು ಗಗನಯಾತ್ರಿಗಳ ಬಳಕೆಗೆ ಒಪ್ಪಿತು. 1970ರ ಅಪೊಲೊ 13 ಯಾನದಲ್ಲಿ ನೌಕೆಯ ವಿದ್ಯುತ್ ವ್ಯವಸ್ಥೆ ಕೆಟ್ಟಾಗ, ದಿಕ್ಕು ತಿದ್ದಲು ಎಂಜಿನ್ ಉರಿಸಿದ 14 ಸೆಕೆಂಡುಗಳನ್ನು ಇಂತಹ ಗಡಿಯಾರದಿಂದಲೇ ಅಳೆಯಲಾಯಿತು. ಗಗನಯಾತ್ರಿಗಳು ಇದನ್ನು ಲೋಹದ ಚೈನಿನ ಬದಲು, ಪೋಷಾಕಿನ ಮೇಲೆ ವೆಲ್ಕ್ರೊ ಅಂಟುಪಟ್ಟಿಯಿಂದ ಕಟ್ಟಿಕೊಳ್ಳುತ್ತಿದ್ದರು.

1983ರಲ್ಲಿ ಜಪಾನಿನ ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ ಅವರು ರೂಪಿಸಿದ 'ಜಿ-ಶಾಕ್' ಮಾರುಕಟ್ಟೆಗೆ ಬಂದಿತು. 10 ಮೀಟರ್ ಎತ್ತರದಿಂದ ಬಿದ್ದರೂ ಕೆಡದಿರುವುದು, 10 ಬಾರ್ ಜಲಒತ್ತಡ ತಡೆಯುವುದು ಮತ್ತು 10 ವರ್ಷ ಬ್ಯಾಟರಿ ಬಾಳುವುದು ಇದರ ಗುರಿಗಳಾಗಿದ್ದವು. ಗಟ್ಟಿಮುಟ್ಟಾದ ಗಡಿಯಾರಕ್ಕೆ ಹೆಚ್ಚು ಬೆಲೆ ತೆರಬೇಕಾಗಿಲ್ಲ ಎಂಬುದು ಇದರಿಂದ ಸಾಬೀತಾಯಿತು.

## ಕರ್ನಾಟಕದಲ್ಲಿ ಕೈಗಡಿಯಾರ

ಭಾರತದಲ್ಲಿ ಕೈಗಡಿಯಾರವನ್ನು ದುಡಿಯುವ ವರ್ಗಕ್ಕೆ ತಲುಪಿಸಿದ ಉದ್ಯಮದ ಕೇಂದ್ರ ಕರ್ನಾಟಕವೇ ಆಗಿತ್ತು. ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿತು. 1978ರಲ್ಲಿ ತುಮಕೂರಿನಲ್ಲಿಯೂ ಗಡಿಯಾರ ಕಾರ್ಖಾನೆ ಪ್ರಾರಂಭವಾಯಿತು. ಕೀಲಿ ಕೊಟ್ಟು ನಡೆಸುವ 'ಜನತಾ', ಕಪ್ಪು ಮುಖಫಲಕದ 'ಪೈಲಟ್' ಮುಂತಾದವು ಮನೆಮಾತಾದವು. ಮದುವೆಯಲ್ಲಿ ವರನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳಿಗೆ, ನಿವೃತ್ತಿಯಾಗುವ ನೌಕರರಿಗೆ ಗಡಿಯಾರ ಕೊಡುವ ವಾಡಿಕೆ ಈ ಕಾಲದಲ್ಲಿ ನೆಲೆಯೂರಿತು.

1984ರಲ್ಲಿ ಸ್ಥಾಪನೆಯಾದ ಟೈಟಾನ್ ಕಂಪನಿಯು ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ತಮಿಳುನಾಡಿನ ಹೊಸೂರಿನಲ್ಲಿ ಕಾರ್ಖಾನೆ ತೆರೆದು, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳನ್ನು ಜನಪ್ರಿಯಗೊಳಿಸಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಒಪ್ಪಿಗೆ ನೀಡಿತು. ಹಳೆಯ ಎಚ್‌ಎಂಟಿ ಗಡಿಯಾರಗಳನ್ನು ಇಂದಿಗೂ ಅನೇಕ ಕುಟುಂಬಗಳು ಹಿರಿಯರ ದುಡಿಮೆಯ ನೆನಪಾಗಿ ಕಾಪಾಡಿಕೊಂಡಿವೆ. ಆದ್ದರಿಂದ ಕೂಲಿಕಾರರ ಮಟ್ಟಿಗೆ 'ಬೆಲೆಬಾಳುವ ಗಡಿಯಾರ' ಎಂದರೆ ಸ್ವಿಟ್ಜರ್ಲೆಂಡಿನದೇ ಆಗಬೇಕಾಗಿಲ್ಲ. ಸಂಬಳ ಉಳಿಸಿ ಕೊಂಡದ್ದು ಅಥವಾ ತಂದೆಯಿಂದ ಬಂದದ್ದು ಕೂಡ ಅವರಿಗೆ ಅಷ್ಟೇ ಅಮೂಲ್ಯ.

## ಬಾಳಿಕೆಯ ಮಾನದಂಡಗಳು

ಗಡಿಯಾರಗಳ ಗಟ್ಟಿತನವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಹಲವು ಮಾನದಂಡಗಳು ನಿರ್ಧರಿಸುತ್ತವೆ.

* ಐಎಸ್‌ಒ 1413: ಆಘಾತ ನಿರೋಧಕತೆ. ಒಂದು ಮೀಟರ್ ಎತ್ತರದಿಂದ ಗಟ್ಟಿಮರದ ನೆಲಕ್ಕೆ ಬಿದ್ದಷ್ಟು ಪೆಟ್ಟನ್ನು ಸುತ್ತಿಗೆಯಿಂದ ನೀಡಿ ಪರೀಕ್ಷಿಸಲಾಗುತ್ತದೆ.
* ಐಎಸ್‌ಒ 764: ಕಾಂತಕ್ಷೇತ್ರ ನಿರೋಧಕತೆ. ಮೀಟರಿಗೆ 4,800 ಆಂಪಿಯರ್ ಪ್ರಮಾಣದ ಕ್ಷೇತ್ರದಲ್ಲಿಯೂ ಗಡಿಯಾರ ಸರಿಯಾಗಿ ನಡೆಯಬೇಕು.
* ಐಎಸ್‌ಒ 22810: ದಿನಬಳಕೆಯ ಗಡಿಯಾರಗಳ ಜಲನಿರೋಧಕತೆ.
* ಐಎಸ್‌ಒ 6425: ಮುಳುಗುಗಾರರ ಗಡಿಯಾರ. ಕನಿಷ್ಠ 100 ಮೀಟರ್ ಆಳಕ್ಕೆ ತಕ್ಕದ್ದಾಗಿರಬೇಕು. ನಮೂದಿಸಿದ ಆಳದ ಒತ್ತಡಕ್ಕಿಂತ ಶೇಕಡ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ನಡೆಯುತ್ತದೆ.

ಗಡಿಯಾರದ ಮೇಲೆ '30 ಮೀಟರ್' ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಮುಳುಗಬಹುದೆಂದು ಅರ್ಥವಲ್ಲ. ಅದು ಮಳೆಹನಿ, ಕೈತೊಳೆಯುವ ನೀರಿನಂತಹ ಸಣ್ಣ ತೇವವನ್ನು ತಡೆಯುತ್ತದೆಂಬುದಷ್ಟೇ ಅದರ ಸೂಚನೆ. ಕೀಲಿಯ ಗಡಿಯಾರದ ಒಳಗಿನ ಸಮತೋಲನ ಚಕ್ರ ಮತ್ತು ಕೂದಲೆಳೆಯಂತಹ ಸ್ಪ್ರಿಂಗ್ ನಿರಂತರ ಕಂಪನ ಹಾಗೂ ಕಾಂತಶಕ್ತಿಯಿಂದ ಏರುಪೇರಾಗಬಲ್ಲವು. ಆದ್ದರಿಂದ ಬಂಡೆ ಕೊರೆಯುವ ಯಂತ್ರ, ಮರ ಕೊಯ್ಯುವ ಯಾಂತ್ರಿಕ ಗರಗಸ ಮುಂತಾದವುಗಳನ್ನು ಹಿಡಿದು ದುಡಿಯುವವರಿಗೆ ದುಬಾರಿ ಯಾಂತ್ರಿಕ ಗಡಿಯಾರಕ್ಕಿಂತ ಸಾಧಾರಣ ಕ್ವಾರ್ಟ್ಜ್ ಗಡಿಯಾರವೇ ಹೆಚ್ಚು ಹೊಂದುತ್ತದೆ.

ಈ ಯಾವ ಮಾನದಂಡವೂ ಗಡಿಯಾರವು ಯಂತ್ರಕ್ಕೆ ಸಿಲುಕಿದಾಗ ಧರಿಸಿದವರ ಕೈಗೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸುವುದಿಲ್ಲ.

## ಧರಿಸುವವರಿಗೆ ಇರುವ ಅಪಾಯಗಳು

### ಯಂತ್ರಕ್ಕೆ ಸಿಲುಕುವುದು

ಒಂದಕ್ಕೊಂದು ಎದುರಾಗಿ ತಿರುಗುವ ರೋಲರುಗಳ ಸಂದು, ಬೆಲ್ಟು ಮತ್ತು ರಾಟೆಗಳು ಕೂಡುವ ಜಾಗ, ಹಲ್ಲುಚಕ್ರಗಳು, ಲೇತ್ ಮತ್ತು ಡ್ರಿಲ್ ಯಂತ್ರಗಳ ತಿರುಗುವ ಭಾಗಗಳು ಸಡಿಲ ಬಟ್ಟೆ, ಬಳೆ, ಉಂಗುರ ಹಾಗೂ ಗಡಿಯಾರದ ಪಟ್ಟಿಯನ್ನು ಸೆಳೆದುಕೊಳ್ಳುತ್ತವೆ. ಪಟ್ಟಿ ಕಡಿದುಹೋದರೆ ಕೈ ಉಳಿಯಬಹುದು. ಕಡಿಯದಿದ್ದರೆ ಅದರೊಂದಿಗೆ ಕೈಯೂ ಎಳೆಯಲ್ಪಡುತ್ತದೆ. ಇಂತಹ ಸಂದರ್ಭದಲ್ಲಿ ಚರ್ಮವು ಸುಲಿದು ಬರುವ, ಮೂಳೆ ಮುರಿಯುವ ಅಥವಾ ಅಂಗವೇ ತುಂಡಾಗುವ ಗಾಯಗಳಾಗಬಹುದು. ಗಟ್ಟಿಯಾದ ಉಕ್ಕಿನ ಚೈನು ಮತ್ತು ಬಲವಾದ ಕೊಂಡಿ ದುಬಾರಿ ಗಡಿಯಾರದ ಹೆಗ್ಗಳಿಕೆಗಳು. ಯಂತ್ರದ ಬಳಿ ಇವೇ ಅಪಾಯವನ್ನು ಹೆಚ್ಚಿಸುತ್ತವೆ.

### ವಿದ್ಯುತ್ತು ಮತ್ತು ಶಾಖ

ಲೋಹದ ಕವಚ ಮತ್ತು ಚೈನು ವಿದ್ಯುದ್ವಾಹಕಗಳು. ವಿದ್ಯುತ್ ಹರಿಯುವ ತೆರೆದ ಭಾಗಕ್ಕೆ ಅವು ತಗುಲಿದರೆ ಆಘಾತವಾಗಬಹುದು ಅಥವಾ ಕಿಡಿ ಹಾರಬಹುದು. ಆಘಾತ ಉಂಟುಮಾಡದಷ್ಟು ಕಡಿಮೆ ವೋಲ್ಟೇಜಿನಲ್ಲಿಯೂ ಅಪಾಯವಿದೆ. ವಾಹನದ 12 ವೋಲ್ಟ್ ಬ್ಯಾಟರಿಯ ಧನ ತುದಿಗೂ ವಾಹನದ ಲೋಹದ ಭಾಗಕ್ಕೂ ನಡುವೆ ಚೈನು ಸೇತುವೆಯಾದರೆ, ಅದರಲ್ಲಿ ಭಾರೀ ಪ್ರವಾಹ ಹರಿದು ಲೋಹ ಕ್ಷಣಾರ್ಧದಲ್ಲಿ ಕಾಯ್ದು ಮಣಿಕಟ್ಟನ್ನು ಸುಡುತ್ತದೆ. ಬೆಸುಗೆ, ಎರಕ ಮತ್ತು ಬಾಯ್ಲರ್ ಕೆಲಸಗಳಲ್ಲಿ ಕಾಯ್ದ ಲೋಹವು ಚರ್ಮಕ್ಕೆ ಶಾಖ ತಲುಪಿಸುತ್ತದೆ. ಪ್ಲಾಸ್ಟಿಕ್ ಪಟ್ಟಿಗಳು ಕರಗಿ ಅಂಟಿಕೊಳ್ಳಬಹುದು.

### ರಾಸಾಯನಿಕ, ಬೆವರು ಮತ್ತು ಬಾವು

ಕ್ಷಾರ ಅಥವಾ ಆಮ್ಲ ಸಿಡಿದಾಗ ಕೂಡಲೇ ನೀರಿನಿಂದ ತೊಳೆಯಬೇಕಾಗುತ್ತದೆ. ಗಡಿಯಾರದ ಅಡಿಯಲ್ಲಿ ಸೇರಿಕೊಂಡ ದ್ರವವು ತೊಳೆದ ನಂತರವೂ ಉಳಿದು ಚರ್ಮವನ್ನು ಸುಡುತ್ತದೆ. ಬೆವರು, ಧೂಳು ಮತ್ತು ಎಣ್ಣೆ ಸಿಕ್ಕಿಕೊಂಡು ತುರಿಕಜ್ಜಿಯಾಗುವುದು, ನಿಕ್ಕಲ್ ಲೋಹಕ್ಕೆ ಒಗ್ಗದವರಲ್ಲಿ ಚರ್ಮದ ಉರಿಯೂತ ಬರುವುದು ಸಾಮಾನ್ಯ.

ಸುಟ್ಟಗಾಯ, ಮೂಳೆಮುರಿತ ಅಥವಾ ಹಾವಿನ ಕಡಿತವಾದಾಗ ಕೈ ಬಾತುಕೊಳ್ಳುತ್ತದೆ. ಬಿಗಿಯಾದ ಗಡಿಯಾರ, ಉಂಗುರ, ಬಳೆಗಳು ರಕ್ತಸಂಚಾರಕ್ಕೆ ಅಡ್ಡಿಯಾಗುವುದರಿಂದ ಬಾವು ಏರುವ ಮೊದಲೇ ಅವನ್ನು ತೆಗೆಯಬೇಕೆಂಬುದು ಪ್ರಥಮ ಚಿಕಿತ್ಸೆಯ ನಿಯಮ. ಸುಟ್ಟ ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಎಳೆಯದೆ ವೈದ್ಯರಿಗೆ ಬಿಡಬೇಕು.

## ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳಲ್ಲಿ ಮೇಲೆ ಹೇಳಿದ ಬಹುತೇಕ ಅಪಾಯಗಳಿಗೆ ಸಂಬಂಧಿಸಿದ ಕೆಲಸಗಳು ಅಕ್ಕಪಕ್ಕದಲ್ಲಿಯೇ ನಡೆಯುತ್ತವೆ.

ಕಾಗದ: ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಈ ಭಾಗದ ಪ್ರಮುಖ ಕೈಗಾರಿಕೆ. ಕಾಗದೋದ್ಯಮದಲ್ಲಿ ಸಾಮಾನ್ಯವಾಗಿ ಮರವನ್ನು ಚೂರು ಮಾಡಿ, ಕ್ಷಾರದ್ರವದಲ್ಲಿ ಬೇಯಿಸಿ, ತಿರುಳನ್ನು ತೊಳೆದು ಬಿಳುಪುಗೊಳಿಸಿ, ಹಾಳೆಯಾಗಿ ಹರಡಿ ಹಬೆಯಿಂದ ಕಾಯ್ದ ಉರುಳೆಗಳ ಮೇಲೆ ಒಣಗಿಸಲಾಗುತ್ತದೆ. ತಿರುಗುವ ರೋಲರುಗಳ ಸಂದು, ಶಾಖ ಮತ್ತು ಕ್ಷಾರ ಈ ಮೂರೂ ಒಂದೇ ಉತ್ಪಾದನಾ ಸಾಲಿನಲ್ಲಿರುವುದು ಈ ಉದ್ಯಮದ ಲಕ್ಷಣ.

ಜಲವಿದ್ಯುತ್: ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿರುವ ಸೂಪಾ ಅಣೆಕಟ್ಟು ಮತ್ತು ಅಂಬಿಕಾನಗರದ ಸಮೀಪದ ನಾಗಝರಿ ವಿದ್ಯುದಾಗಾರ ಕಾಳಿ ಜಲವಿದ್ಯುತ್ ಯೋಜನೆಯ ಮುಖ್ಯ ಅಂಗಗಳು. ವಿದ್ಯುದಾಗಾರಗಳಲ್ಲಿ ಜನರೇಟರುಗಳ ಕಾಂತಕ್ಷೇತ್ರ, ಬ್ಯಾಟರಿ ಕೋಣೆಗಳು ಹಾಗೂ ವಾಹಕ ಪಟ್ಟಿಗಳ ಬಳಿ ಲೋಹದ ವಸ್ತುಗಳನ್ನು ಧರಿಸುವುದು ಅಪಾಯಕರ. ಮಳೆಗಾಲದಲ್ಲಿ ಕಾಡಿನ ನಡುವೆ ಕಂಬವೇರಿ ತಂತಿ ಸರಿಪಡಿಸುವ ಲೈನ್‌ಮನ್‌ಗಳಿಗೂ ಇದು ಅನ್ವಯಿಸುತ್ತದೆ.

ನದಿ: ಗಣೇಶಗುಡಿಯ ಕೆಳಗೆ ಕಾಳಿ ನದಿಯಲ್ಲಿ ನಡೆಯುವ ರಾಫ್ಟಿಂಗ್, ಅಣೆಕಟ್ಟಿನಿಂದ ವಿದ್ಯುದುತ್ಪಾದನೆಗಾಗಿ ಬಿಡುವ ನೀರನ್ನು ಅವಲಂಬಿಸಿದೆ. ನೀರು ಬರುವ ಹೊತ್ತನ್ನು ಅರಿಯಲು ದೋಣಿ ನಡೆಸುವ ಮಾರ್ಗದರ್ಶಕರಿಗೆ ಗಡಿಯಾರ ನಿಜವಾಗಿಯೂ ಬೇಕಾಗುತ್ತದೆ. ಆದರೆ ಹಗ್ಗ ಅಥವಾ ಮುಳುಗಿದ ಕೊಂಬೆಗೆ ಪಟ್ಟಿ ಸಿಕ್ಕಿಕೊಂಡರೆ ಹರಿವಿನಲ್ಲಿ ಕೈ ಬಿಡಿಸಿಕೊಳ್ಳುವುದು ಕಷ್ಟ. ಇಲ್ಲಿ ಜಲನಿರೋಧಕತೆಯಷ್ಟೇ ಮುಖ್ಯವಾದ ಗುಣ, ಜೋರಾಗಿ ಎಳೆದರೆ ಪಟ್ಟಿ ಬಿಚ್ಚಿಕೊಳ್ಳುವುದು.

ಕಾಡು ಮತ್ತು ಹೊಲ: ಜೋಯಿಡಾ ತಾಲ್ಲೂಕಿನ ಬಹುಭಾಗ ಅರಣ್ಯವಾಗಿದ್ದು, ಕಾಳಿ ಹುಲಿ ಸಂರಕ್ಷಿತ ಪ್ರದೇಶವೂ ಇಲ್ಲಿದೆ. ಅರಣ್ಯ ಕಾವಲುಗಾರರಿಗೆ, ಕೃಷಿಕರಿಗೆ ಹಾವಿನ ಕಡಿತದ ಪ್ರಥಮ ಚಿಕಿತ್ಸೆಯ ಅರಿವು ಅಗತ್ಯ. ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಭತ್ತ, ಗೋವಿನಜೋಳ ಮತ್ತು ಕಬ್ಬು ಬೆಳೆಯುತ್ತಾರೆ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರಲ್ಲಿಯೂ ಬೇಸಾಯವು ಮೊದಲಿನಿಂದ ಪ್ರಮುಖ ಕಸುಬಾಗಿತ್ತು. ತೆನೆ ಒಕ್ಕುವ ಯಂತ್ರಕ್ಕೆ ಕೈಯಿಂದ ಪೈರು ನೂಕುವಾಗಲೂ, ರಸ್ತೆಬದಿಯ ಕಬ್ಬಿನ ಹಾಲಿನ ಯಂತ್ರಕ್ಕೆ ಜಲ್ಲೆ ಕೊಡುವಾಗಲೂ ಕೈಯು ರೋಲರುಗಳಿಗೆ ಬಹಳ ಹತ್ತಿರ ಹೋಗುತ್ತದೆ. ಕಾರ್ಖಾನೆಯಲ್ಲಿರುವಂತಹ ಮೇಲ್ವಿಚಾರಣೆ ಇಂತಹ ಜಾಗಗಳಲ್ಲಿ ಇರುವುದಿಲ್ಲ.

## ಕಾನೂನು

ಭಾರತದ 1948ರ ಕಾರ್ಖಾನೆಗಳ ಅಧಿನಿಯಮದ 21ನೆಯ ಕಲಮು ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಕಾವಲು ಬೇಲಿ ಹಾಕಬೇಕೆಂದು ವಿಧಿಸಿತು. 22ನೆಯ ಕಲಮಿನ ಪ್ರಕಾರ, ಚಲನೆಯಲ್ಲಿರುವ ಯಂತ್ರವನ್ನು ಪರೀಕ್ಷಿಸಬೇಕಾದ ಸಂದರ್ಭದಲ್ಲಿ ವಿಶೇಷ ತರಬೇತಿ ಪಡೆದ ಕಾರ್ಮಿಕನು ಮೈಗೆ ಬಿಗಿಯಾಗಿ ಹೊಂದುವ ಉಡುಪು ಧರಿಸಿ ಆ ಕೆಲಸ ಮಾಡಬೇಕಾಗಿತ್ತು. ಯಂತ್ರಕ್ಕೆ ಸಿಲುಕುವಂಥದ್ದು ಮೈಮೇಲೆ ಇರಬಾರದೆಂಬ ಈ ತತ್ವವೇ ಗಡಿಯಾರ, ಉಂಗುರಗಳ ಕುರಿತ ಸುರಕ್ಷತಾ ಸೂಚನೆಗಳ ಹಿಂದೆಯೂ ಇದೆ. ಒಕ್ಕಣೆ ಯಂತ್ರಗಳ ಅಪಘಾತಗಳನ್ನು ತಡೆಯುವ ಉದ್ದೇಶದಿಂದ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಅಧಿನಿಯಮವನ್ನು ಜಾರಿಗೆ ತಂದಿತು. ಕಾರ್ಖಾನೆಗಳ ಅಧಿನಿಯಮವೂ ಸೇರಿದಂತೆ ಹಲವು ಹಳೆಯ ಕಾನೂನುಗಳನ್ನು ಒಟ್ಟುಗೂಡಿಸುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು 2020ರಲ್ಲಿ ಅಂಗೀಕರಿಸಲಾಯಿತು.

ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮಗಳು ಗಡಿಯಾರವನ್ನು ಹೆಸರಿಸಿಯೇ ನಿರ್ಬಂಧಿಸುತ್ತವೆ. ವಿದ್ಯುತ್ ಹರಿಯುವ ತೆರೆದ ಭಾಗಗಳಿಗೆ ತಗುಲುವ ಸಾಧ್ಯತೆಯಿದ್ದರೆ ಗಡಿಯಾರದ ಚೈನು, ಬಳೆ, ಉಂಗುರ ಮುಂತಾದ ವಾಹಕ ವಸ್ತುಗಳನ್ನು ಧರಿಸುವಂತಿಲ್ಲ. ಧರಿಸಿದರೆ ಅವುಗಳನ್ನು ನಿರೋಧಕ ಹೊದಿಕೆಯಿಂದ ಮುಚ್ಚಿರಬೇಕು.

## ಬೆಲೆ, ಪ್ರತಿಷ್ಠೆ ಮತ್ತು ಆಯ್ಕೆ

ದೈಹಿಕ ಶ್ರಮದ ಕೆಲಸದಲ್ಲಿ ಬೆಲೆಬಾಳುವ ಗಡಿಯಾರ ಧರಿಸುವುದರ ಬಗ್ಗೆ ಎರಡು ಬಗೆಯ ವಾದಗಳಿವೆ. ಉಪಕರಣವಾಗಿ ಹುಟ್ಟಿದ ಗಡಿಯಾರವನ್ನು ಪೆಟ್ಟಿಗೆಯಲ್ಲಿಡುವುದಕ್ಕಿಂತ ಬಳಸುವುದೇ ಅದಕ್ಕೆ ಸಲ್ಲುವ ಗೌರವ. ದುಡಿದು ಕೊಂಡದ್ದನ್ನು ದುಡಿಯುವಾಗ ಧರಿಸುವ ಹಕ್ಕು ದುಡಿದವರದ್ದು ಎಂಬುದು ಒಂದು. ಗೀರು, ನೀರು, ಕಳವು ಮತ್ತು ದುರಸ್ತಿಯ ವೆಚ್ಚವನ್ನು ಲೆಕ್ಕ ಹಾಕಿದರೆ ಅದು ಜಾಣತನವಲ್ಲ ಎಂಬುದು ಇನ್ನೊಂದು. ಈ ಎರಡೂ ವಾದಗಳು ಗಡಿಯಾರಕ್ಕಾಗುವ ನಷ್ಟವನ್ನೇ ಕುರಿತಿವೆ.

ಬೆಲೆಯು ಸುರಕ್ಷತೆಯ ಮೇಲೂ ಪರಿಣಾಮ ಬೀರುತ್ತದೆ. ಅಮೂಲ್ಯ ಗಡಿಯಾರವನ್ನು ಬಿಚ್ಚಿಡಲು ನಂಬಿಕೆಯ ಜಾಗವಿಲ್ಲದಿದ್ದರೆ ಕಾರ್ಮಿಕರು ಅದನ್ನು ಕೈಯಲ್ಲಿಯೇ ಉಳಿಸಿಕೊಳ್ಳುವ ಸಂಭವ ಹೆಚ್ಚು. ಸಿಲುಕಿದ ಗಡಿಯಾರವನ್ನು ಉಳಿಸಲು ಹೋಗಿ ಇನ್ನೊಂದು ಕೈಯನ್ನು ಅಪಾಯಕ್ಕೆ ಒಡ್ಡುವ ಸಾಧ್ಯತೆಯೂ ಇದೆ. ಆದ್ದರಿಂದ ಗಡಿಯಾರ ನಿಷೇಧಿಸುವ ಸೂಚನೆಯೊಂದಿಗೆ, ಬೀಗವಿರುವ ಪೆಟ್ಟಿಗೆಯನ್ನೂ ಎಲ್ಲರಿಗೂ ಕಾಣುವ ಗೋಡೆ ಗಡಿಯಾರವನ್ನೂ ಒದಗಿಸಿದಾಗ ಮಾತ್ರ ಆ ನಿಯಮ ಪಾಲನೆಗೆ ಬರುತ್ತದೆ.

## ಪರ್ಯಾಯಗಳು

* ಗೋಡೆ ಗಡಿಯಾರ ಮತ್ತು ಸೈರನ್: ಪಾಳಿಯ ಸಮಯ ತಿಳಿಯಲು ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ.
* ಕಿಸೆ ಗಡಿಯಾರ: ಗುಂಡಿ ಹಾಕಿದ ಕಿಸೆಯಲ್ಲಿ, ಹೊರಗೆ ಸರಪಳಿ ಜೋತಾಡದಂತೆ ಇಟ್ಟುಕೊಳ್ಳಬಹುದು. ದಾದಿಯರು ಎದೆಯ ಬಳಿ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುವ ಗಡಿಯಾರವೂ ಇದೇ ಬಗೆಯದು. ಕೈ ತೊಳೆಯುವ ಶುಚಿತ್ವಕ್ಕೆ ಅದು ಅಡ್ಡಿಯಾಗುವುದಿಲ್ಲ.
* ಬಿಚ್ಚಿಕೊಳ್ಳುವ ಪಟ್ಟಿ: ಗಡಿಯಾರ ಅನಿವಾರ್ಯವಾದ ಹೊರಾಂಗಣ ಕೆಲಸಗಳಲ್ಲಿ ಎಳೆತಕ್ಕೆ ಬಿಚ್ಚುವ ಬಟ್ಟೆಯ ಅಥವಾ ವೆಲ್ಕ್ರೊ ಪಟ್ಟಿ ಲೋಹದ ಚೈನಿಗಿಂತ ಸುರಕ್ಷಿತ. ತಿರುಗುವ ಯಂತ್ರದ ಬಳಿ ಇದನ್ನೂ ಧರಿಸಬಾರದು.
* ಅಗ್ಗದ ಗಡಿಯಾರ: ಕೆಲಸಕ್ಕೊಂದು, ಮನೆಗೊಂದು ಗಡಿಯಾರವಿದ್ದರೆ ಅಪಾಯದ ಕ್ಷಣದಲ್ಲಿ ಅದನ್ನು ಬಿಟ್ಟುಕೊಡಲು ಹಿಂಜರಿಕೆ ಇರುವುದಿಲ್ಲ.

## ಇವನ್ನೂ ನೋಡಿ

* ಎಚ್‌ಎಂಟಿ
* ಕೈಗಡಿಯಾರ
* ದಾಂಡೇಲಿ
* ಕಾಳಿ ನದಿ
* ಸೂಪಾ ಅಣೆಕಟ್ಟು
* ಪ್ರಥಮ ಚಿಕಿತ್ಸೆ